ದಿ. ರೇಣುಕಮ್ಮ, ಹಿರಿಯೂರು

ಜೂನ್ 3, ಸೋಮವಾರ

ಮತ್ತೆ ಕರೆಂಟ್ ಹೋಯಿತು. ಪ್ರಿಂಟರ್ ಬಾಯಲ್ಲಿ ಅರ್ಧ ಕಾಗದ. ಯುಪಿಎಸ್ ಒಂದೇ ಸಮ ಕುಯ್ಯೋ ಅನ್ನುತ್ತಿದೆ. ಬೆಳಗ್ಗೆಯಿಂದ ಮದುವೆ ಕಾರ್ಡು, ಪಹಣಿ ಜೆರಾಕ್ಸು, ಒಂದು ಶ್ರದ್ಧಾಂಜಲಿ ಫ್ಲೆಕ್ಸು. ಕೊಟ್ಟ ಫೋಟೋದಲ್ಲಿ ಅಜ್ಜ ಯಾರದೋ ಮದುವೆ ಊಟಕ್ಕೆ ಕೂತಿದ್ದರು. ಬಾಳೆ ಎಲೆ ಅಳಿಸಿ ಹಿಂದೆ ಮೋಡ ಹಾಕಿದೆ. ಹೊಸದುರ್ಗದಲ್ಲಿ ಸತ್ತವರಲ್ಲಿ ಅರ್ಧ ಜನ ನನ್ನ ಡಿಟಿಪಿ ಅಂಗಡಿಯಿಂದಲೇ ಮೋಡ ಹತ್ತಿದ್ದಾರೆ.

ಸಂಜೆ ಬಿಡುವಾಯಿತು. ಮಂಜಣ್ಣನವರ ಕ್ಯಾಸೆಟ್ ಹಾಕಿ ಕೂತೆ. ಮಾಡದಕೆರೆಯ ಮಂಜಣ್ಣ, ಮೈಕ್‌ಸೆಟ್ಟಿನವರು. ಒಂದು ಕಾಲಕ್ಕೆ ಈ ಸುತ್ತಿನಲ್ಲಿ ಎಲ್ಲಿ ನಾಟಕವಾದರೂ ಅವರದೇ ಹಾರನ್ ಸ್ಪೀಕರು. ಊರ ಗಂಡಸರು ಸೇರಿ ಆಡುವ ನಾಟಕ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಿದ್ದರು. ಬಂದವಳು ಹಿರಿಯೂರು ರೇಣುಕಮ್ಮ ಆದರೆ ಮಂಜಣ್ಣ ಆಂಪ್ಲಿಫೈಯರಿಗೆ ಟೇಪ್ ರೆಕಾರ್ಡರನ್ನೂ ಜೋಡಿಸುತ್ತಿದ್ದರು. ಆ ಕ್ಯಾಸೆಟ್ಟುಗಳನ್ನು ಗೋಣಿಚೀಲದಲ್ಲಿ ತಂದು ಇಲ್ಲಿ ಸುರಿದಿದ್ದಾರೆ. ಕಂಪ್ಯೂಟರಿಗೆ ಇಳಿಸುವುದು ನನ್ನ ಪಾಲು.

ಇಳಿಸುವುದು ಕಷ್ಟವಲ್ಲ, ಹೆಸರಿಡುವುದು ಕಷ್ಟ. ನಮ್ಮ ಅಭಿಮಾನಿಗಳ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೆಸರಿಟ್ಟು ಕಳಿಸುತ್ತಾರೆ. "ರೇಣುಕ ಸೂಪರ್". "ಅಳೋ ಸೀನು". "ನ್ಯೂ ರೆಕಾರ್ಡಿಂಗ್". "ಇದು ಕೇಳಿ". ಅದೇ ನಾಟಕ ಮೂರು ಹೆಸರಲ್ಲಿ, ಮೂರು ನಾಟಕ ಒಂದೇ ಹೆಸರಲ್ಲಿ. ನೋಡಿದರೆ ಮೈ ಉರಿಯುತ್ತದೆ.

ನಾನು ಅವಳನ್ನು ಸ್ಟೇಜಿನ ಮೇಲೆ ಒಮ್ಮೆಯೂ ನೋಡಿಲ್ಲ. ಹೆಣ್ಣುಮಗಳು ನಾಟಕಕ್ಕೆ ಹೋಗಬಾರದು ಎಂದು ಅಮ್ಮನ ಕಟ್ಟಪ್ಪಣೆ. ಹಾರನ್ನು ನಮ್ಮ ಮನೆ ಪಕ್ಕದ ತೆಂಗಿನ ಮರಕ್ಕೇ ಕಟ್ಟಿರುತ್ತಿದ್ದರು. ಮಾಳಿಗೆ ಮೇಲೆ ಮಲಗಿ ಕೇಳುತ್ತಿದ್ದೆ. ಅವಳು ಅತ್ತರೆ ನನಗೂ ಅಳು. ನನ್ನ ಪಾಲಿಗೆ ರೇಣುಕಮ್ಮ ಅಂದರೆ ಮುಖವೇ ಇಲ್ಲದ ಒಂದು ದನಿ. ಆ ದನಿಗೆ ಯಾರೋ "ಇದು ಕೇಳಿ" ಅಂತ ಹೆಸರಿಟ್ಟರೆ ಸಿಟ್ಟು ಬಾರದೆ ಇರುತ್ತದೆಯೇ.

ಜೂನ್ 5, ಬುಧವಾರ

ಹೊಳಲ್ಕೆರೆಯಿಂದ ಚೇತನ್‌ಕುಮಾರ್ ಫೋನ್. ಸೊಸೈಟಿಯಲ್ಲಿ ಕೆಲಸ, ಎಕ್ಸೆಲ್ ಎಂದರೆ ಪ್ರಾಣ. ಗ್ರೂಪಿನಲ್ಲಿ ಕಂಪ್ಯೂಟರ್ ಗೊತ್ತಿರುವವರು ನಾವಿಬ್ಬರೇ. ಎಲ್ಲಕ್ಕೂ ಒಂದೇ ಫಾರ್ಮ್ಯಾಟ್ ಮಾಡಿ ಕ್ಯಾಟಲಾಗ್ ಕಟ್ಟೋಣ, ಯಾರು ಬೇಕಾದರೂ ಲಿಂಕ್ ಒತ್ತಿ ಕೇಳುವ ಹಾಗಿರಲಿ ಎಂದು ಇಬ್ಬರಿಗೂ ಆಸೆ.

ಮೊದಲ ಜಗಳವೇ ಹೆಸರಿನ ಮೇಲೆ. ಹಳೆಯ ಹ್ಯಾಂಡ್‌ಬಿಲ್ಲುಗಳಲ್ಲಿ ಅವಳು ಮೊದಲು "ಕು|| ರೇಣುಕ". ಆಮೇಲೆ "ರೇಣುಕಾದೇವಿ". ಕೆಲವು ಕಡೆ "ದಾವಣಗೆರೆ ರೇಣುಕ" — ದಾವಣಗೆರೆ ಎಂದು ಹಾಕಿದರೆ ಜನ ಹೆಚ್ಚು ಸೇರುತ್ತಿದ್ದರಂತೆ. ಚೇತನ್‌ಗೆ ಹ್ಯಾಂಡ್‌ಬಿಲ್ಲಿನಲ್ಲಿ ಇದ್ದ ಹಾಗೇ ಇರಬೇಕು. ನಾನು ಒಪ್ಪಲಿಲ್ಲ. ಒಬ್ಬಳೇ ಹೆಂಗಸಿಗೆ ನಾಲ್ಕು ಹೆಸರು ಕೊಟ್ಟರೆ ಹುಡುಕುವವನು ಎಲ್ಲಿ ಹುಡುಕಬೇಕು? "ರೇಣುಕಮ್ಮ, ಹಿರಿಯೂರು". ಎಲ್ಲ ಕಡೆಗೂ ಅದೇ. ಗೆದ್ದೆ.

ಜೂನ್ 11, ಮಂಗಳವಾರ

ಎರಡು ದಿನದ ಕೆಲಸ ನೀರಿನಲ್ಲಿ ಹೋಮ. ಅಂಗಡಿಯ ಅಭ್ಯಾಸದಲ್ಲಿ ಫೈಲುಗಳ ಹೆಸರನ್ನೆಲ್ಲ ನುಡಿ ಫಾಂಟಿನಲ್ಲಿ ಹೊಡೆದಿದ್ದೆ. ಚೇತನ್ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರದ ಕಸ. ಯೂನಿಕೋಡಿನಲ್ಲಿ ಮತ್ತೆ ಮೊದಲಿಂದ.

ಆದರೆ ಫಾರ್ಮ್ಯಾಟ್ ಮಾತ್ರ ಇವತ್ತು ಕೂತಿತು. ಮೊದಲು ದಿನಾಂಕ — ಆಗ ಫೈಲುಗಳು ತಾವಾಗಿ ಕಾಲಕ್ರಮದಲ್ಲಿ ನಿಲ್ಲುತ್ತವೆ. ಆಮೇಲೆ ಹೆಸರು, ನಾಟಕ, ಪಾತ್ರ, ಆಡಿದ ಊರು. ಫೋನಿನಲ್ಲಿ ಉದ್ದದ ಹೆಸರು ಅರ್ಧಕ್ಕೇ ಕಟ್ ಆಗುವುದರಿಂದ ಲೇಬಲ್ಲುಗಳೆಲ್ಲ ಗಿಡ್ಡ. ದಿನಾಂಕಕ್ಕೆ "ದಿ." ಪಾತ್ರಕ್ಕೆ "ಪಾ." ಹೆಸರಿಗೆ ಲೇಬಲ್ ಬೇಡ, ಅದು ತಾನೇ ಗೊತ್ತಾಗುತ್ತದೆ.

ದಿನಾಂಕ ಗೊತ್ತಿಲ್ಲದಿದ್ದರೆ? "ಗೊತ್ತಿಲ್ಲ ಅಂತ ಹಾಕಾಣ ಅಕ್ಕ" ಅಂದ ಚೇತನ್. ಅಸಹ್ಯ. ಪಟ್ಟಿಯ ತುಂಬ ಗೊತ್ತಿಲ್ಲ ಗೊತ್ತಿಲ್ಲ ಅಂತ ಕಂಡರೆ ನಮ್ಮನ್ನು ಏನೆಂದುಕೊಂಡಾರು. ಲೇಬಲ್ ಇರಲಿ, ಮುಂದೆ ಖಾಲಿ ಬಿಡು, ಗೊತ್ತಾದಾಗ ತುಂಬೋಣ ಅಂದೆ. ಅವನು ಹೂಂ ಅಂದ. ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ.

ಜೂನ್ 23, ಭಾನುವಾರ

ಹಿರಿಯೂರಿಗೆ ಹೋಗಿ ಬಂದೆ. ದಿನಾಂಕ, ಊರು ಅವಳನ್ನೇ ಕೇಳಿ ತುಂಬಿಸೋಣ ಎಂದು. ವಿಳಾಸ ಮಂಜಣ್ಣನವರು ಕೊಟ್ಟದ್ದು. ತಂಗಿಯ ಮಗಳು ಮೀನಾಕ್ಷಿಯ ಮನೆಯಲ್ಲಿದ್ದಾಳೆ. ಬಾಗಿಲು ತೆರೆದ ಮೀನಾಕ್ಷಿ ನಾಟಕ ಎಂಬ ಮಾತು ಕೇಳಿದ್ದೇ ಬೀದಿಯ ಆ ಕಡೆ ಈ ಕಡೆ ನೋಡಿ, ಒಳಗೆ ಬರ್ರಿ ಅಂದಳು.

ಒಳಗೆ ರೇಣುಕಮ್ಮ. ಸಣ್ಣ ಹೆಂಗಸು. ಹೆಗಲ ಮೇಲೆ ಟವೆಲ್. ಮಾತಾಡಿದಳು — ಆ ದನಿ ಇಲ್ಲ. ಒಡೆದಿದೆ. ಯಾರೋ ಬೇರೆಯವರ ಮನೆಗೆ ಬಂದೆನೇನೋ ಅನ್ನಿಸಿತು.

ಫೋನಿನ ರೆಕಾರ್ಡರ್ ಆನ್ ಮಾಡಿ ಮೇಜಿನ ಮೇಲಿಟ್ಟೆ. "ಅತ್ತಿಗೆಯ ಆಣೆ" ನಾಟಕದ ಒಂದು ಹಾಡು ಕೇಳಿಸಿದೆ. ಕಣ್ಣು ಮುಚ್ಚಿ ಕೇಳಿದಳು. ಶ್ರುತಿ ಮೇಲಾಯಿತು, ಹಾರ್ಮೋನಿಯಂ ಮಾಸ್ಟರು ಯಾರೋ ಆತುರಗಾರ ಅಂದಳು. ಅಷ್ಟೇ. ಯಾವ ಊರಮ್ಮ, ಯಾವ ವರ್ಷ ಎಂದು ಕೇಳಿದೆ.

"ವ್ಯಾನಲ್ಲಿ ಹೋಗಾದು, ಬಣ್ಣ ಹಚ್ಚಾದು, ಬೆಳಕು ಹರಿಯಾದ್ರಾಗೆ ವಾಪಸ್ ಬರಾದು. ಊರು ಯಾರು ನೋಡಿದ್ರು ಕಣಮ್ಮ? ನಾವು ನೋಡಿದ್ದು ಸೈಡ್‌ವಿಂಗು."

ಒಂದೊಂದೇ ಕೇಳಿಸಿದೆ. ಒಂದಕ್ಕೂ ಊರಿಲ್ಲ, ವರ್ಷವಿಲ್ಲ. ಅಷ್ಟರಲ್ಲಿ ಹೊರಗೆ ಬೈಕ್ ನಿಂತ ಸದ್ದು. ಮೀನಾಕ್ಷಿಯ ಗಂಡನ ಕಡೆಯವರು ಯಾರೋ. "ದೊಡ್ಡಮ್ಮ, ಒಳಗೆ ಹೋಗ್ರಿ" ಅಂದಳು ಮೀನಾಕ್ಷಿ, ತೀರ ಸಾಮಾನ್ಯವಾಗಿ. ರೇಣುಕಮ್ಮನೂ ತೀರ ಸಾಮಾನ್ಯವಾಗಿ ಎದ್ದಳು. ಫೋನ್ ಎತ್ತಿಕೊಂಡು ನಾನೂ ಹಿಂದೆ ಹೋದೆ. ಹಿತ್ತಲ ಕಡೆಯ ರೂಮು, ಅಕ್ಕಿ ಚೀಲ, ಕೆಟ್ಟು ಕೂತ ಟೇಬಲ್ ಫ್ಯಾನು, ಒಂದು ಮಂಚ. ಬಂದವರು ಹೋಗುವ ತನಕ ಇಬ್ಬರೂ ಪಿಸುಮಾತಿನಲ್ಲಿ ಮಾತಾಡಿದೆವು. ಊರೂರಿನಲ್ಲಿ ಜನ ಹುಚ್ಚೆದ್ದು ಶಿಳ್ಳೆ ಹೊಡೆದ ಹೆಂಗಸು ಪಿಸುಗುಡುತ್ತಾಳೆ. ಬಸ್ಸಿನಲ್ಲಿ ವಾಪಸ್ ಬರುವಾಗ ತುಂಬ ಬೇಸರವಾಯಿತು.

ಜುಲೈ 9, ಮಂಗಳವಾರ

ಎಲ್ಲ ಕ್ಯಾಸೆಟ್ಟು ಮುಗಿಯಿತು. ಎರಡಕ್ಕೆ ಬೂಷ್ಟು ಹಿಡಿದಿತ್ತು, ಉಳಿಸಲು ಆಗಲಿಲ್ಲ. ಒಂದರಲ್ಲಿ ನಾಟಕದ ಮೇಲೆ ಯಾರೋ ಭಜನೆ ರೆಕಾರ್ಡ್ ಮಾಡಿದ್ದಾರೆ. ಭಜನೆಯ ಸಂದಿಯಲ್ಲಿ ಅವಳು "ಅಣ್ಣಾ" ಎಂದು ಕೂಗುವುದು ಕೇಳುತ್ತದೆ, ಮತ್ತೆ ತಾಳ.

ಹೆಚ್ಚಿನ ಫೈಲುಗಳಿಗೆ ದಿನಾಂಕ ಸಿಗಲೇ ಇಲ್ಲ. ಖಾಲಿ.

ಹಿರಿಯೂರಿನ ರೂಮಿನ ರೆಕಾರ್ಡಿಂಗ್ ಒಂದು ಉಳಿದಿದೆ. ಅದಕ್ಕೆ ನಾಟಕವಿಲ್ಲ, ಪಾತ್ರವಿಲ್ಲ. ನನ್ನ ಫಾರ್ಮ್ಯಾಟಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಫೋನಿನಲ್ಲೇ ಬಿಟ್ಟೆ.

ಜುಲೈ 15, ಸೋಮವಾರ

ಚೇತನ್ ಕ್ಯಾಟಲಾಗ್ ಅಪ್‌ಲೋಡ್ ಮಾಡಿ ಗ್ರೂಪಿಗೆ ಲಿಂಕ್ ಹಾಕಿದ. ಸ್ಕ್ರಿಪ್ಟ್ ಬರೆದು ಎಲ್ಲ ಹೆಸರನ್ನೂ ಒಂದೇ ಏಟಿಗೆ ಹೊಂದಿಸಿದ್ದಾನೆ. ನಡುವೆ ಉಳಿದಿದ್ದ ಜಾಸ್ತಿ ಸ್ಪೇಸು, ಡ್ಯಾಶು ಎಲ್ಲ ತೆಗೆದು ಚೊಕ್ಕ ಮಾಡಿದೆ ಅಕ್ಕ ಎಂದು ಮೆಸೇಜು. ಅಂಗಡಿಯಲ್ಲಿ ಪಹಣಿಯವರ ನೂಕುನುಗ್ಗಲು, ತೆರೆದು ನೋಡಲೂ ಆಗಲಿಲ್ಲ. ಹೆಬ್ಬೆಟ್ಟಿನ ಚಿತ್ರ ಹಾಕಿ ಕಳಿಸಿದೆ.

ಜುಲೈ 18, ಗುರುವಾರ

ನಿಧಾನಕ್ಕೆ ಬರೆಯಬೇಕು.

ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಮಂಜಣ್ಣನವರು ಬಂದು ನಿಂತಿದ್ದರು. ಕಣ್ಣು ಕೆಂಪಗಿತ್ತು. ಒಂದು ಫ್ಲೆಕ್ಸ್ ಆಗಬೇಕು ಅಂದರು. ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದುಕೊಂಡೆ. ಇಂಥವರನ್ನು ಮೊದಲೇ ಕೆದಕಿ ಕೇಳಬಾರದು ಎಂಬುದು ಈ ಕಸುಬಿನಲ್ಲಿ ಕಲಿತದ್ದು. ಫೋಟೋ ತೆಗೆದುಕೊಂಡೆ. ಯಾರೋ ಚೆಂದದ ಹೆಂಗಸು, ಹೂ ಮುಡಿದು, ಒಂದು ಕೈ ಎತ್ತಿ ನಿಂತಿದ್ದಾಳೆ. ಸ್ಕ್ಯಾನ್ ಮಾಡಿದೆ, ಹಿಂದಿನ ಪರದೆ ಅಳಿಸಿದೆ, ಮೋಡ ಹಾಕಿದೆ. ಎರಡು ಬದಿಗೆ ದೀಪ. ಮೇಲೆ ಭಾವಪೂರ್ಣ ಶ್ರದ್ಧಾಂಜಲಿ. ಆಮೇಲೆ ಹೆಸರು ಹೇಳಿ ಅಂದೆ.

"ಇನ್ನೇನು ಹೇಳಾದು ಉಷಮ್ಮ. ನೀನೇ ಹಾಕಿದೀಯಲ್ಲ."

ಫೋನ್ ಮುಂದೆ ಹಿಡಿದರು. ನಮ್ಮ ಕ್ಯಾಟಲಾಗು. ಒಂದರ ಕೆಳಗೊಂದು, ಸಾಲಾಗಿ, ಅಚ್ಚುಕಟ್ಟಾಗಿ:

ದಿ. ರೇಣುಕಮ್ಮ, ಹಿರಿಯೂರು
ದಿ. ರೇಣುಕಮ್ಮ, ಹಿರಿಯೂರು
ದಿ. ರೇಣುಕಮ್ಮ, ಹಿರಿಯೂರು

ಪರದೆ ಮುಗಿಯುವ ತನಕ ಅದೇ. ನಾಟಕ, ಪಾತ್ರ ಎಲ್ಲ ಪರದೆಯಾಚೆ ಕಟ್ ಆಗಿದೆ. ದಿನ ಬೆಳಗಾದರೆ ಫ್ಲೆಕ್ಸಿನಲ್ಲಿ "ದಿ||" ಹೊಡೆಯುವವಳು ನಾನು. ಲಗ್ನಪತ್ರಿಕೆಯಲ್ಲಿ "ದಿ:" ಎಂದು ದಿನಾಂಕ ಹೊಡೆಯುವವಳೂ ನಾನೇ. ಎರಡೂ ಒಂದೇ ಅಕ್ಷರ ಎಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಹೊಳೆದಿಲ್ಲ.

ಬದುಕಿದ್ದಾರೆ ಅಂದೆ. ಮೊನ್ನೆ ಮೊನ್ನೆ ಮಾತಾಡಿಸಿ ಬಂದೆ, ಇದು ನನ್ನ ತಪ್ಪು ಅಂದೆ. ಮಂಜಣ್ಣ ಮೆಟ್ಟಿಲ ಮೇಲೆ ಕುಸಿದು ಕೂತು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡರು. ಬರುವಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತರು. ಆಮೇಲೆ ಟೀ ತರಿಸಿಕೊಟ್ಟೆ, ಕುಡಿಯದೆ ಹೋದರು.

ಅದೇ ದಿನ, ಸಂಜೆ

ಗ್ರೂಪು ತೆರೆದು ನೋಡಿದರೆ ಮೂರು ದಿನದಿಂದ ಓಂ ಶಾಂತಿ. ಕೈ ಮುಗಿದ ಚಿತ್ರಗಳು. ಬೇರೆ ಬೇರೆ ಗ್ರೂಪುಗಳಿಗೂ ಹರಡಿದೆ. ರೇಣುಕಮ್ಮನವರ ಅಗಲಿಕೆಯಿಂದ ರಂಗಭೂಮಿ ಬಡವಾಯಿತು. ಅವರೊಂದಿಗೆ ಪಾತ್ರ ಮಾಡಿದ್ದು ನನ್ನ ಪೂರ್ವಜನ್ಮದ ಪುಣ್ಯ. ಹೊಸದುರ್ಗ, ಹೊಳಲ್ಕೆರೆ, ಎಲ್ಲೆಲ್ಲಿಯ ಗಂಡಸರೋ. ಚಿತ್ರದುರ್ಗದಲ್ಲಿ ಸಾಂಸ್ಕೃತಿಕ ಸಂಘ ನಡೆಸುವ ಲಕ್ಷ್ಮೀಕಾಂತ್ ಎಂಬವರು ಆಗಸ್ಟ್ ಮೊದಲ ಭಾನುವಾರಕ್ಕೆ ನುಡಿನಮನ ಎಂದು ಹಾಲ್ ಕೂಡ ಗೊತ್ತು ಮಾಡಿದ್ದಾರೆ.

ಚೇತನ್ ಹೆದರಿದ್ದಾನೆ. ಲಿಂಕ್ ತೆಗೆದೆ ಅಕ್ಕ ಅಂದ. ನಾನು ಹೇಳುವವರೆಗೆ ಗ್ರೂಪಿನಲ್ಲಿ ಏನೂ ಹಾಕಬೇಡ ಅಂದೆ. ಮೊದಲು ಅವಳಿಗೆ ಹೇಳಿ ಕ್ಷಮೆ ಕೇಳಬೇಕು. ಮಂಜಣ್ಣನವರಿಗೂ ಹಾಗೇ ಫೋನಿನಲ್ಲಿ ಹೇಳಿದೆ. ಮೀನಾಕ್ಷಿಯ ನಂಬರು ಇಡೀ ದಿನ ಬ್ಯುಸಿ.

ಜುಲೈ 21, ಭಾನುವಾರ

ಹಿರಿಯೂರು. ಕಾಲು ಹಿಡಿಯಲು ಸಿದ್ಧಳಾಗಿ ಹೋಗಿದ್ದೆ. ಮೀನಾಕ್ಷಿ ಬೈಯಲಿಲ್ಲ. ಕುಂತ್ಕಳ್ರಿ ಅಂದಳು. ನಾಲ್ಕು ದಿನದಿಂದ ಫೋನ್ ನಿಂತಿಲ್ಲವಂತೆ. ಮೊದಲನೆಯ ಕರೆಗೆ ಗಾಬರಿಯಾಗಿ ದೊಡ್ಡಮ್ಮ ಇಲ್ಲೇ ಇದ್ದಾರೆ ಅನ್ನಲು ಹೊರಟರೆ, ರೇಣುಕಮ್ಮ ಕೈ ಅಡ್ಡ ಹಿಡಿದು ಸ್ಪೀಕರ್ ಹಾಕು ಅಂದರಂತೆ. ಆಮೇಲೆ ಬಂದ ಕರೆಗಳನ್ನೆಲ್ಲ ಮಂಚದ ಮೇಲೆ ಕೂತು ಕೇಳಿದ್ದಾರೆ. ಮೀನಾಕ್ಷಿ ಹೂಂ ಹೂಂ ಅನ್ನುವುದು, ಅವರು ಕೇಳುವುದು.

ತಪ್ಪಾಯಿತು ಅಂದೆ. ಇವತ್ತೇ ತಿದ್ದುತ್ತೇನೆ ಅಂದೆ. ರೇಣುಕಮ್ಮ ನನ್ನ ಕೈ ಹಿಡಿದುಕೊಂಡರು.

"ಅಷ್ಟು ವರ್ಷ ಎಲ್ಲಿ ಹೋದ್ರೂ 'ರೇಣುಕ ಬಂದ್ಳಾ' ಅಂತಿದ್ರು ಕಣಮ್ಮ. ದೊಡ್ಡೋರೂ ಅಷ್ಟೇ, ಹುಡುಗ್ರೂ ಅಷ್ಟೇ. ಮೊನ್ನೆ 'ರೇಣುಕಮ್ಮನೋರು ಹೋದ್ರಂತೆ' ಅಂದ್ರು. ಹೋದ್ರು ಅಂದ್ರು."

ಆಮೇಲೆ ಅಂದರು:

"ಹಂಗೇ ಇರ್ಲಿ ಬಿಡು ಆ ದಿ. ನಿನಗೇನು ಭಾರ? ಸತ್ತೋಳಾದ್ರೆ ಫೋಟೋ ಮಾಡಿ ಗೋಡೆಗೆ ಹಾಕ್ತಾರೆ. ಬದುಕಿರೋಳನ್ನ ಎಲ್ಲಿ ಇಡಾದು?"

ಮೀನಾಕ್ಷಿ ಎದ್ದು ಅಡುಗೆಮನೆಗೆ ಹೋದಳು. ನಾನು ಏನು ಹೇಳಿದೆನೋ ನೆನಪಿಲ್ಲ. ನೋಡೋಣಮ್ಮ ಅಂದಿರಬೇಕು.

ಮನೆಗೆ ಬಂದು ಈ ಡೈರಿಯ ಹಿಂದಿನ ಹಾಳೆ ತಿರುವಿದೆ. ಅವಳು, ಅವಳು, ಅವಳು. ಮಂಜಣ್ಣನವರು "ಬಂದರು", ರೇಣುಕಮ್ಮ "ಎದ್ದಳು". ನನಗಿಂತ ಎಷ್ಟೋ ದೊಡ್ಡವರು. ನಾನೂ ಹಾಗೇ ಬರೆದಿದ್ದೇನೆ, ಅಭಿಮಾನಿ ಎಂದು ಹೇಳಿಕೊಂಡು.

ಜುಲೈ 22, ಸೋಮವಾರ

ಲಕ್ಷ್ಮೀಕಾಂತ್ ಫೋನ್ ಮಾಡಿದ್ದರು. ನುಡಿನಮನಕ್ಕೆ ಒಳ್ಳೆಯ ಫೋಟೋ ಬೇಕು, ಎರಡು ಹಾಡು ಆರಿಸಿ ಕೊಡಿ, ನೀವೂ ನಾಲ್ಕು ಮಾತಾಡಬೇಕು. ತುಂಬ ಗೌರವದಿಂದ ಮಾತಾಡಿದರು. ರೇಣುಕಮ್ಮನವರಂಥ ಕಲಾವಿದೆಯನ್ನು ನಮ್ಮ ಜಿಲ್ಲೆ ಗುರುತಿಸಲಿಲ್ಲ, ಬದುಕಿದ್ದಾಗಲೇ ಸನ್ಮಾನ ಮಾಡಬೇಕಿತ್ತು ಎಂದು ನೊಂದುಕೊಂಡರು.

ಬದುಕಿದ್ದಾಗಲೇ. ಆ ಮಾತು ಬೆಳಗ್ಗೆಯಿಂದ ತಲೆಯಲ್ಲಿ ಕೊರೆಯುತ್ತಿದೆ. ಹಾಲ್ ಇದೆ, ಜನ ಬರುತ್ತಾರೆ. ಫೋಟೋ ಇಡುವ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಅವರನ್ನೇ ಕೂರಿಸಿದರೆ? ಅದೇ ಗಂಡಸರು ಅವರ ಎದುರಿಗೇ "ಬಂದ್ರು" ಅನ್ನಬೇಕಾಗುತ್ತದಲ್ಲ. ಹಿತ್ತಲ ರೂಮಿನಲ್ಲಿ ಕದ್ದು ಕೇಳುವುದಕ್ಕಿಂತ ಅದು ಎಷ್ಟೋ ಮೇಲಲ್ಲವೇ.

ಮತ್ತೆ — ಸುಳ್ಳು ಫೈಲು ಹಾಗೇ ಇಟ್ಟುಕೊಂಡು ಇರಲು ನನಗೆ ಆಗುವುದಿಲ್ಲ. ಇದೂ ನಿಜ. ಯಾವುದು ಎಷ್ಟು ನಿಜ ಗೊತ್ತಿಲ್ಲ.

ರೇಣುಕಮ್ಮ ಬೇಡ ಅಂದಿದ್ದರು. ಆದರೂ ಗ್ರೂಪಿನಲ್ಲಿ ಹಾಕಿದೆ. "ಹಿರಿಯೂರು ರೇಣುಕಮ್ಮನವರು ಆರೋಗ್ಯವಾಗಿದ್ದಾರೆ. ನಮ್ಮ ಕ್ಯಾಟಲಾಗಿನಲ್ಲಿ ದಿ. ಎಂದರೆ ದಿನಾಂಕ. ಪ್ರಮಾದಕ್ಕೆ ವಿಷಾದಿಸುತ್ತೇವೆ." ಎಲ್ಲ ಗ್ರೂಪಿಗೂ ಕಳಿಸಿ ಎಂದು ಕೆಳಗೆ ಬರೆದೆ. ಚೇತನ್ ಮತ್ತೆ ಸ್ಕ್ರಿಪ್ಟ್ ಓಡಿಸಿ ಲಿಂಕ್ ವಾಪಸ್ ಹಾಕಿದ. ಹೊಸ ನಿಯಮ: ಮೊದಲು ಹೆಸರು, ದಿನಾಂಕ ಕೊನೆಗೆ, ಪೂರ್ತಿ ಅಕ್ಷರದಲ್ಲಿ. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ". "ದಿ." ಎಂದು ಎಲ್ಲೂ ಬರೆಯಕೂಡದು.

ಜುಲೈ 24, ಬುಧವಾರ

ನಗುವ ಮುಖದ ಚಿತ್ರಗಳು. ಬದುಕಿರುವವರನ್ನು ಸಾಯಿಸಿದ್ರಲ್ಲಪ್ಪ ಎಂದು ಒಬ್ಬ. ಪೂರ್ವಜನ್ಮದ ಪುಣ್ಯ ಎಂದವನೇ ಇವತ್ತು ಬರೆದಿದ್ದಾನೆ — "ಲೇ, ರೇಣುಕ ಇನ್ನೂ ಇದಾಳಾ?" ಅದರ ಕೆಳಗೆ ಇನ್ನೊಬ್ಬ ಕಣ್ಣು ಹೊಡೆಯುವ ಮುಖ. ಮತ್ತೊಬ್ಬ ಏನೋ ಹಳೆಯ ಕಥೆ ಎತ್ತಿದ್ದಾನೆ, ಇಲ್ಲಿ ಬರೆಯಲಾರೆ. ಅಡ್ಮಿನ್ ನಾನೇ, ಅಳಿಸಿದೆ. ಬೇರೆ ಗ್ರೂಪುಗಳಲ್ಲಿ ಯಾರು ಅಳಿಸುತ್ತಾರೆ.

ಆರೇ ದಿನ "ಅವರು" ಆಗಿದ್ದರೇನೋ. ನಾನು ತಿದ್ದಿ ಮತ್ತೆ "ಅವಳು" ಮಾಡಿಬಿಟ್ಟೆ.

ಆಗಸ್ಟ್ 4, ಭಾನುವಾರ

ಇವತ್ತು ಆಗಬೇಕಿತ್ತು. ಆಗಲಿಲ್ಲ.

ಲಕ್ಷ್ಮೀಕಾಂತ್‌ಗೆ ಕಳೆದ ವಾರವೇ ಕುರ್ಚಿಯ ವಿಷಯ ಹೇಳಿದ್ದೆ. ತುಂಬ ಸಂತೋಷ ಮೇಡಂ ಅಂದಿದ್ದರು. ಮೂರು ದಿನ ಬಿಟ್ಟು ಅವರದೇ ಫೋನು — ನುಡಿನಮನ ಎಂದರೆ ಭಾಷಣಕ್ಕೆ ದೊಡ್ಡವರು ಒಪ್ಪಿದ್ದರು, ಸನ್ಮಾನ ಎಂದಾಗ ಅವರ ಡೇಟ್ ಹೊಂದುತ್ತಿಲ್ಲ, ರಾಜ್ಯೋತ್ಸವದ ಸಮಯಕ್ಕೆ ನೋಡೋಣ. ಅವರ ದನಿಯಲ್ಲಿ ಗೌರವ ಕಡಿಮೆಯಾಗಿರಲಿಲ್ಲ. ಅದು ನನ್ನ ಮೇಲಿನ ಗೌರವ ಅಷ್ಟೇ.

ಆದರೂ ಬಸ್ ಹತ್ತಿ ಚಿತ್ರದುರ್ಗಕ್ಕೆ ಹೋದೆ. ಯಾಕೋ ಗೊತ್ತಿಲ್ಲ. ಹಾಲಿನ ಬಾಗಿಲಿಗೆ ಬೀಗ. ಪಕ್ಕದ ಹೋಟೆಲ್ಲಿನಲ್ಲಿ ಕಾಫಿ ಕುಡಿದೆ. ಹೊತ್ತು ಕಳೆಯಲು ಚಂದ್ರವಳ್ಳಿ ಕಡೆ ಹೋಗಿ ಕೆರೆಯ ದಂಡೆಯಲ್ಲಿ ಕೂತೆ. ಕಾಲೇಜು ಮಕ್ಕಳು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಅತ್ತಿಗೆಯ ಆಣೆ ಕೇಳಿದೆ. ಆ ದನಿ ಹಾಗೇ ಇದೆ. ಮೊದಲ ಸಲ ಪೂರ್ತಿ ಕೇಳಲಾಗದೆ ನಿಲ್ಲಿಸಿದೆ.

ಸೆಪ್ಟೆಂಬರ್ 12, ಗುರುವಾರ

ಮೀನಾಕ್ಷಿ ಇವತ್ತೂ ಫೋನ್ ಎತ್ತಲಿಲ್ಲ. ಹೋದ ವಾರ ಒಮ್ಮೆ ಎತ್ತಿದ್ದಳು. "ದೊಡ್ಡಮ್ಮ ಮಲಗವ್ರೆ" ಅಂದಳು. ಹಿಂದಿನಿಂದ ಕೆಮ್ಮು ಕೇಳಿಸಿತು. ನನ್ನ ಮೇಲೆ ಕೋಪವೇ ಎಂದು ಕೇಳಿದೆ. ಅವರೇನೂ ಅನ್ನಲಿಲ್ಲ ಅಂದಳು. ಬೈದಿದ್ದರೆ ಚೆನ್ನಾಗಿತ್ತು.

ಕ್ಯಾಟಲಾಗ್ ಚೆನ್ನಾಗಿ ಕೂತಿದೆ. ಒಂದೇ ಒಂದು ತಪ್ಪಿಲ್ಲ. ಯಾರೂ ತೆರೆಯುತ್ತಿಲ್ಲ ಎಂದ ಚೇತನ್.

ಅಕ್ಟೋಬರ್ 12, ಶನಿವಾರ

ನಿನ್ನೆ ಅಂಗಡಿಯಲ್ಲಿ ಆಯುಧಪೂಜೆ. ಪ್ರಿಂಟರಿಗೆ ಕುಂಕುಮ, ಕಂಪ್ಯೂಟರಿಗೆ ಸೇವಂತಿಗೆ ಹಾರ, ಬಾಗಿಲಿಗೆ ಬಾಳೆಕಂದು. ಇವತ್ತು ರಜೆ. ಮಧ್ಯಾಹ್ನ ಊಟಕ್ಕೆ ಕೂತಾಗ ಮೀನಾಕ್ಷಿ ಫೋನ್.

ರೇಣುಕಮ್ಮ ಹೋದರು. ನಿನ್ನೆ ಬೆಳಗ್ಗೆ. ಸಂಜೆಗೇ ಎಲ್ಲ ಮುಗಿಸಿದರಂತೆ.

"ಹಬ್ಬದ ದಿನ, ಯಾರಿಗೆ ಹೇಳಾದು ಅನ್ನಿಸ್ತು ಅಕ್ಕ. ಹೇಳಿದ್ರೂ ನಂಬ್ತಿದ್ರಾ?"

ಬೈಗುಳವಲ್ಲ, ಸುಮ್ಮನೆ ಕೇಳಿದಳು. ಕೈ ತೊಳೆದು ಎದ್ದೆ.

ಅಕ್ಟೋಬರ್ 13, ಭಾನುವಾರ

ಬೆಳಗ್ಗೆ ಗ್ರೂಪಿನಲ್ಲಿ ಹಾಕಿದೆ. ಸಂಕ್ಷೇಪ ಇಲ್ಲದೆ, ಒಂದೊಂದು ಪದವನ್ನೂ ಬಿಡಿಸಿ. "ಹಿರಿಯೂರಿನ ಕಲಾವಿದೆ ರೇಣುಕಮ್ಮನವರು ಶುಕ್ರವಾರ ನಿಧನರಾದರು."

ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಬ್ಬ — ಇದೂ ದಿನಾಂಕನಾ ಮೇಡಂ. ಇನ್ನೊಬ್ಬ, ಫೇಕ್ ಇರಬಹುದು, ಫಾರ್ವರ್ಡ್ ಮಾಡಬೇಡಿ. ಮತ್ತೊಬ್ಬ, ಇದು ಜುಲೈಯಲ್ಲೇ ಬಂದಿತ್ತಲ್ಲ. ಚೇತನ್ ಕೂಡ ಬೇರೆಯಾಗಿ ಮೆಸೇಜ್ ಮಾಡಿ ಕೇಳಿದ, ಕನ್ಫರ್ಮಾ ಅಕ್ಕ ಎಂದು. ಕನ್ಫರ್ಮ್ ಅಂದೆ. ಅವನೊಬ್ಬ ಕೈ ಮುಗಿದ ಚಿತ್ರ ಹಾಕಿದ.

ಪೂರ್ವಜನ್ಮದ ಪುಣ್ಯದವನು ಸಂಜೆ ಕೇಳಿದ್ದಾನೆ — "ಈ ಸಲ ನಿಜವಾಗ್ಲೂ ಹೋದ್ಳಾ?"

ಹೋದ್ಳಾ. ಆ ಒಂದು ಪದ ನೋಡುತ್ತ ಕೂತೆ. ರೇಣುಕಮ್ಮ ಕೇಳಿದ್ದು ಆ "ಹೋದ್ರು" ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ಒಮ್ಮೆ ಕೊಟ್ಟು ಕಿತ್ತುಕೊಂಡೆ, ಈಗ ಸತ್ತರೂ ಸಿಗದ ಹಾಗೆ ಮಾಡಿದೆ. ಅತ್ತುಬಿಟ್ಟೆ.

ಅಕ್ಟೋಬರ್ 14, ಸೋಮವಾರ

ಮಂಜಣ್ಣನವರು ಬಂದಿದ್ದರು. ಮೀನಾಕ್ಷಿಗೆ ಅವರೇ ಫೋನ್ ಮಾಡಿ ಕೇಳಿಕೊಂಡು ಬಂದದ್ದು. ಬಾಗಿಲಲ್ಲಿ ನಿಂತೇ ಕೇಳಿದರು.

"ಆ ಫೈಲ್ ಐತೇನಮ್ಮ, ಇಲ್ಲ ಅಳಿಸಿದ್ಯಾ?"

ಇತ್ತು. ಜುಲೈಯಲ್ಲಿ ಮುಚ್ಚಿದ್ದೆ, ಅಳಿಸಲು ಮನಸ್ಸು ಬಂದಿರಲಿಲ್ಲ. ಮೋಡ, ದೀಪ, ಕೈ ಎತ್ತಿ ನಿಂತ ರೇಣುಕಮ್ಮ. ಹೆಸರಿನ ಜಾಗ ಖಾಲಿ. ಹೆಸರು ಹೊಡೆದೆ. ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದೆ. ಮಾಡದಕೆರೆಯಲ್ಲಿ, ಮೊದಲು ಸ್ಟೇಜು ಕಟ್ಟುತ್ತಿದ್ದ ಜಾಗದಲ್ಲಿ ಅಂದರು. ಹಾರನ್ನೂ ಕಟ್ಟಿ ಒಂದು ಹಾಡು ಹಾಕುತ್ತಾರಂತೆ. ಯಾರು ಕೇಳಲಿ ಬಿಡಲಿ. ನನಗೂ ಬಾ ಅಂದರು. ಹೂಂ ಅಂದೆ.

ಅವರು ಹೋದ ಮೇಲೆ ಅಂಗಡಿ ಬಾಗಿಲು ಅರ್ಧ ಎಳೆದು ಆ ಫೋನಿನ ರೆಕಾರ್ಡಿಂಗ್ ಕೇಳಿದೆ. ಹಿರಿಯೂರಿನದು, ಹಿತ್ತಲ ರೂಮಿನದು. ಬೈಕಿನ ಸದ್ದು. ದೊಡ್ಡಮ್ಮ ಒಳಗೆ ಹೋಗ್ರಿ. ಮಂಚ ಕಿರ್ರೆಂದದ್ದು. ಆಮೇಲೆ ರೇಣುಕಮ್ಮನವರ ಪಿಸುಮಾತು — "ಇದ್ರಾಗೆ ನಾನೂ ಬರ್ತೀನಾ?" ಬರ್ತೀರಮ್ಮ ಅಂದಿದ್ದೇನೆ ನಾನು. ಅವತ್ತು ಕಿವಿಗೇ ಹಾಕಿಕೊಂಡಿರಲಿಲ್ಲ.

ಕ್ಯಾಟಲಾಗಿಗೆ ಇದನ್ನು ಸೇರಿಸಬೇಕು. ಫಾರ್ಮ್ಯಾಟ್ ಮುರಿದರೂ ಸರಿ.

ನಾಟಕ: ಇಲ್ಲ. ಊರು: ಹಿರಿಯೂರು, ಮೀನಾಕ್ಷಿಯ ಮನೆ. ರೆಕಾರ್ಡ್ ಮಾಡಿದವರು: ಉಷಾರಾಣಿ. ಪಾತ್ರ: ರೇಣುಕಮ್ಮನವರು. ದಿನಾಂಕ ಇದೊಂದಕ್ಕೆ ಸರಿಯಾಗಿ ಗೊತ್ತು, ಜೂನ್ 23. ಎಲ್ಲ ಹೊಡೆದೆ. ಇನ್ನು ಹೆಸರು. ಹೆಸರಿನ ಮುಂದೆ ಈಗ ಹಾಕಲೇಬೇಕು, ಹೊಸ ನಿಯಮ ಬೇಡ ಅಂದರೂ.

ದಿ.